ಅಳೆಯುವ ಸೇರು ಯಾರ ಕೈಲಿದೆ?

(ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳಗಿಂದ ಭೂಮಿ ಬಗ್ಗೆ ಮಾತಾಯಿತು, ಕೂಲಿ ಬಗ್ಗೆ ಮಾತಾಯಿತು, ದೌರ್ಜನ್ಯದ ಕೇಸುಗಳ ಬಗ್ಗೆ ಮಾತಾಯಿತು. ಊಟ ಆದ ಮೇಲೆ ನಮಗೆ ಕೊಟ್ಟಿರೋ ವಿಷಯ ಪಂಚಾಯಿತಿ ಗ್ರಂಥಾಲಯ ಮತ್ತು ಅಲ್ಲಿಟ್ಟಿರೋ ಕಂಪ್ಯೂಟರು. ಹೊಟ್ಟೆ ತುಂಬಿದವರ ವಿಷಯ ಇದು, ನಮಗ್ಯಾಕೆ ಅಂತ ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಅದಕ್ಕೆ ಮೊದಲು ಉತ್ತರ ಹೇಳಿಬಿಡ್ತೀವಿ.

ಬೆಳಗ್ಗೆ ಮಾತಾಡಿದ ಭೂಮಿಯ ಪಹಣಿ ಈಗ ಎಲ್ಲಿದೆ? ಒಂದು ಕಾಲಕ್ಕೆ ಶಾನುಭೋಗರ ಗಂಟಿನಲ್ಲಿತ್ತು. ಆ ಗಂಟು ಬಿಚ್ಚಿ ತೋರಿಸಿ ಅಂತ ಕೇಳೋ ಧೈರ್ಯ ನಮ್ಮ ತಾತಂದಿರಿಗೆ ಎಲ್ಲಿಂದ ಬರಬೇಕು? 2000ದ ಸುಮಾರಿಗೆ 'ಭೂಮಿ' ಯೋಜನೆ ಬಂದು ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಕೈಬರಹದ ಪಹಣಿಗೆ ಬೆಲೆ ಹೋಯಿತು. ಕೈತಪ್ಪಿದ ದರಖಾಸ್ತು ಜಮೀನನ್ನ 1978ರ ಪಿಟಿಸಿಎಲ್ ಕಾಯ್ದೆ ಕೆಳಗೆ ವಾಪಸ್ ಕೇಳಬೇಕಾದರೂ ಮೊದಲು ಆ ಯಂತ್ರದ ಬಾಯಿಂದ ಕಾಗದ ತೆಗೆಸಬೇಕು. ಗಂಟು ಬದಲಾಗಿದೆ. ಅದನ್ನ ಬಿಚ್ಚೋ ವಿದ್ಯೆ ಇನ್ನೂ ನಮ್ಮ ಕೇರಿಗೆ ಬಂದಿಲ್ಲ.

ನಮ್ಮ ಹುಡುಗರ ವಿದ್ಯಾರ್ಥಿವೇತನದ ಕತೆಯನ್ನೂ ನೋಡಿ. ಅರ್ಜಿ ಹಾಕಬೇಕಾದ್ದು ಎಸ್‌ಎಸ್‌ಪಿ ಅನ್ನೋ ಆನ್‌ಲೈನ್ ತಾಣದಲ್ಲಿ. ಅದಕ್ಕೆ ಜಾತಿ ಪತ್ರದ ಆರ್.ಡಿ. ನಂಬರು ಬೇಕು, ಆದಾಯ ಪತ್ರದ ಆರ್.ಡಿ. ನಂಬರು ಬೇಕು, ಆಧಾರು ಬೇಕು, ಆಧಾರಿಗೆ ಸೇರಿಸಿದ ಮೊಬೈಲಿಗೆ ಓಟಿಪಿ ಬರಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಇಷ್ಟರಲ್ಲಿ ಒಂದು ಕೊಂಡಿ ತಪ್ಪಿದರೆ ದುಡ್ಡು ಬರೋಲ್ಲ. ಅಪ್ಪ ಯಾವತ್ತೋ ಯಾರದೋ ನಂಬರು ಬರೆಸಿರ್ತಾನೆ, ಓಟಿಪಿ ಆ ಯಾರದೋ ಮನೆಗೆ ಹೋಗುತ್ತೆ. ಮಗಳು ಕಾಲೇಜು ಬಿಡ್ತಾಳೆ. 'ನಿಮ್ಮವರಿಗೆ ಸರ್ಕಾರ ಎಲ್ಲಾ ಕೊಟ್ಟಿದೆ, ಓದೋಕೆ ಏನು ಧಾಡಿ' ಅಂತ ಊರು ಮಾತಾಡುತ್ತೆ.

ಈ ಕೊಂಡಿಗಳನ್ನೆಲ್ಲ ಜೋಡಿಸಿಕೊಡೋನು ಇವತ್ತು ಪೇಟೆಯ ಸೈಬರ್ ಅಂಗಡಿಯವನು. ಅರ್ಜಿಗೆ ಇಷ್ಟು, ಪ್ರಿಂಟಿಗೆ ಇಷ್ಟು, ತಿದ್ದುಪಡಿಗೆ ಮತ್ತೆ ಇಷ್ಟು. 'ಸರ್ವರ್ ಇಲ್ಲ, ನಾಳೆ ಬಾ' ಅಂದರೆ ಮತ್ತೊಂದು ದಿನ. ಹೆಣ್ಣುಮಕ್ಕಳಿಗೆ ಈಗ ಸರ್ಕಾರಿ ಬಸ್ಸು ಬಿಟ್ಟಿ ಇರಬಹುದು, ಕಳೆದುಹೋದ ದಿನದ ಕೂಲಿಯನ್ನ ಯಾರೂ ಬಿಟ್ಟಿ ಕೊಡೋಲ್ಲ. ಬಡವನಿಗೆ ಸರ್ಕಾರ ಕೊಡೋ ಹಣ ತಗೊಳ್ಳೋಕೆ ಬಡವನೇ ಸುಂಕ ಕಟ್ಟಬೇಕಾದ ಕಾಲ ಇದು. ಆ ಸುಂಕ ಇಲ್ಲದೆ, ನಡೆದು ಹೋಗುವಷ್ಟು ಹತ್ತಿರದಲ್ಲಿ, ಇದೇ ಕೆಲಸ ಆಗಬಹುದಾದ ಒಂದು ಜಾಗ ಅಂದರೆ ಪಂಚಾಯಿತಿ ಗ್ರಂಥಾಲಯ.

ಅದೇನೂ ಧರ್ಮಕ್ಕೆ ಕೊಟ್ಟದ್ದಲ್ಲ. ಮನೆಗೆ ಹೋದ ಮೇಲೆ ಮನೆಕಂದಾಯದ ರಸೀದಿ ತೆಗೆದು ನೋಡಿ. ಅದರಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲಿದೆ. ತೆರಿಗೆಯ ಮೇಲೆ ನೂರಕ್ಕೆ 6 ರೂಪಾಯಿ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ, ಕರ ಕಟ್ಟಿಸಿಕೊಳ್ಳೋ ಅಧಿಕಾರ ಬಂದದ್ದೂ ಅದರಿಂದಲೇ. ಜೋಪಡಿಗೂ ಕಂದಾಯ ಕಟ್ಟಿದ್ದೀವಿ, ಅದರ ಜೊತೆಗೆ ಈ ಕರವನ್ನೂ ಕಟ್ಟಿದ್ದೀವಿ. ಆ ಕುರ್ಚಿಯಲ್ಲಿ, ಆ ಬಲ್ಬಿನಲ್ಲಿ, ಆ ಕೀಬೋರ್ಡಿನಲ್ಲಿ ನಮ್ಮ ಕೇರಿಯ ಕಾಸೂ ಇದೆ.

ಹಾಗಾದರೆ ಬಾಗಿಲು ತೆರೆದೇ ಇದೆಯಲ್ಲ, ಹೋಗಿ ಕೂತ್ಕೊಳ್ಳಿ, ಯಾರು ಬೇಡ ಅಂದರು ಅಂತ ಕೇಳ್ತಾರೆ. ಈ ಮಾತನ್ನ ನಮ್ಮ ಹಿರಿಯರು ಕೇಳಿ ನೂರು ವರ್ಷ ಆಯಿತು.

1923ರ ಆಗಸ್ಟಿನಲ್ಲಿ ಮುಂಬಯಿ ಶಾಸನ ಪರಿಷತ್ತು ಬೋಳೆಯವರ ಗೊತ್ತುವಳಿಯನ್ನ ಒಪ್ಪಿಕೊಂಡಿತು. ಸಾರ್ವಜನಿಕ ಹಣದ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ಕಚೇರಿ, ದವಾಖಾನೆ ಎಲ್ಲವೂ ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ. 1924ರಲ್ಲಿ ಮಹಾಡದ ಪುರಸಭೆ ತನ್ನ ಚವದಾರ ಕೆರೆ ಎಲ್ಲರಿಗೂ ಮುಕ್ತ ಅಂತ ನಿರ್ಣಯ ಮಾಡಿತು. ಕಾಗದದಲ್ಲಿ ಕೆರೆ ತೆರೆಯಿತು. ನೀರು ಮಾತ್ರ ಮುಟ್ಟೋಕೆ ಆಗಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ ಒಂದು ಬೊಗಸೆ ನೀರು ಕುಡಿದಾಗ ಆ ನಿರ್ಣಯದ ನಿಜ ಬಣ್ಣ ಹೊರಬಿತ್ತು. ಜನರ ಮೇಲೆ ಹಲ್ಲೆ ಆಯಿತು. ಕೆರೆಗೆ ಶುದ್ಧಿ ಮಾಡಿದರು. ಕೋರ್ಟಿನ ಕೊನೆಯ ತೀರ್ಪು ನಮ್ಮ ಪರ ಬರೋ ಹೊತ್ತಿಗೆ 1937 ಆಗಿತ್ತು. ಬಾಬಾಸಾಹೇಬರು ಆವತ್ತು ಆ ಕೆರೆಯನ್ನ ಅಳೆದರು ಅಂತ ನಾವು ತಿಳ್ಕೋತೀವಿ. ತೆರೆದಿದೆ ಅನ್ನೋ ಮಾತು ಎಷ್ಟು ಆಳ ಇದೆ ಅಂತ ಇಳಿದು ನೋಡಿದರು.

ಗ್ರಂಥಾಲಯದ ಬಾಗಿಲನ್ನೂ ಹೀಗೆ ಅಳೆದವರಿದ್ದಾರೆ. ಅಮೆರಿಕದ ವರ್ಜೀನಿಯಾ ರಾಜ್ಯದ ಅಲೆಗ್ಸಾಂಡ್ರಿಯಾ ಊರಲ್ಲಿ ಸಾರ್ವಜನಿಕ ಗ್ರಂಥಾಲಯ ಇತ್ತು. ತೆರಿಗೆ ಕಪ್ಪು ಜನರೂ ಕಟ್ಟುತ್ತಿದ್ದರು, ಒಳಗೆ ಹೋಗೋರು ಬಿಳಿಯರು ಮಾತ್ರ. 1939ರ ಆಗಸ್ಟ್ 21ರಂದು ಐದು ಜನ ಕಪ್ಪು ಯುವಕರು ಒಬ್ಬೊಬ್ಬರಾಗಿ ಒಳಗೆ ಹೋಗಿ ಸದಸ್ಯತ್ವದ ಕಾರ್ಡು ಕೇಳಿದರು. ಇಲ್ಲ ಅಂದಾಗ ಕಪಾಟಿನಿಂದ ಒಂದೊಂದು ಪುಸ್ತಕ ತಗೊಂಡು ಬೇರೆ ಬೇರೆ ಮೇಜಿನಲ್ಲಿ ಕೂತು ಸದ್ದಿಲ್ಲದೆ ಓದಿದರು. ಸದ್ದಿಲ್ಲದೆ ಓದಿದ್ದಕ್ಕೆ ಪೊಲೀಸರು ಶಾಂತಿಭಂಗದ ಕೇಸು ಹಾಕಿದರು! ಇದನ್ನೆಲ್ಲ ಸಂಘಟಿಸಿದವರು ಸ್ಯಾಮುಯೆಲ್ ಟಕರ್ ಅನ್ನೋ ತರುಣ ವಕೀಲರು. ಊರಿನವರು ಕಂಡುಕೊಂಡ ಪರಿಹಾರ ಏನು ಗೊತ್ತಾ? 1940ರಲ್ಲಿ ಕಪ್ಪು ಜನರಿಗೆ ಅಂತ ಬೇರೆಯೇ ಒಂದು ಸಣ್ಣ ಗ್ರಂಥಾಲಯ ಕಟ್ಟಿದರು. ಟಕರ್ ಅದರ ಕಾರ್ಡು ನನಗೆ ಬೇಡ ಅಂದರು. ಆ ಐವರ ಮೇಲಿನ ಕೇಸನ್ನ ಅಲ್ಲಿನ ಕೋರ್ಟು ವಜಾ ಮಾಡಿದ್ದು 2019ರಲ್ಲಿ, 80 ವರ್ಷ ಆದ ಮೇಲೆ.

ನಮ್ಮ ಸಂವಿಧಾನದ 15ನೇ ವಿಧಿಯ ಎರಡನೇ ಭಾಗ ಹೇಳೋದೂ ಇದನ್ನೇ. ಸರ್ಕಾರದ ಹಣದಲ್ಲಿ ನಡೆಯೋ ಸಾರ್ವಜನಿಕ ಜಾಗಗಳನ್ನ ಬಳಸೋಕೆ ಜಾತಿ, ಧರ್ಮ, ಲಿಂಗ ಅಡ್ಡ ಬರಬಾರದು. 'ಬಳಸೋಕೆ' ಅನ್ನೋ ಪದವನ್ನ ಗಟ್ಟಿಯಾಗಿ ಹಿಡ್ಕೊಳ್ಳಿ. ಇವತ್ತಿನ ಮಾತೆಲ್ಲ ಆ ಒಂದು ಪದದ ಮೇಲೆ ನಿಂತಿದೆ.

ಈಗ ನಮ್ಮ ರಾಜ್ಯಕ್ಕೆ ಬರೋಣ. 5,500ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನ 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ತೆಗೆದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟರು. 2020ರಲ್ಲಿ 'ಓದುವ ಬೆಳಕು' ಶುರುವಾಯಿತು, 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ ಆಯಿತು. ಈಗ ಇವುಗಳ ಹೆಸರು 'ಅರಿವು ಕೇಂದ್ರ'. ಗೋಡೆಗೆ ಬಣ್ಣ ಬಂದಿದೆ, ಎಷ್ಟೋ ಕಡೆ ಬಾಬಾಸಾಹೇಬರ ಚಿತ್ರ ಬಂದಿದೆ, ಕಂಪ್ಯೂಟರ್ ಬಂದಿದೆ. ಒಳ್ಳೆ ಕೆಲಸವನ್ನ ಒಳ್ಳೆದು ಅನ್ನೋಣ. ಕೆಲವು ಕಡೆ ನಮ್ಮ ಮಕ್ಕಳು ಅಲ್ಲಿ ಕೂತು ಸ್ಪರ್ಧಾತ್ಮಕ ಪರೀಕ್ಷೆಗೆ ಓದ್ತಿರೋದನ್ನ ನೋಡಿದರೆ ಕಣ್ಣು ತುಂಬಿ ಬರುತ್ತೆ.

ಇದು ಎಷ್ಟು ಜನಕ್ಕೆ ಬೇಕಾದ್ದು? ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆ 2017-18ರಲ್ಲಿ ಲೆಕ್ಕ ತೆಗೆದಾಗ ದೇಶದ ಹಳ್ಳಿಗಳಲ್ಲಿ ಕಂಪ್ಯೂಟರ್ ಇದ್ದ ಮನೆಗಳು ನೂರಕ್ಕೆ 4.4. ಇಂಟರ್‌ನೆಟ್ ಸೌಲಭ್ಯ ಇದ್ದ ಮನೆಗಳು ನೂರಕ್ಕೆ 14.9. ಅದಾದ ಎರಡು ವರ್ಷಕ್ಕೆ ಕೊರೊನಾ ಬಂತು, ಶಾಲೆಗಳು ಮೊಬೈಲಿಗೆ ಹೋದವು. ಯಾರ ಮಕ್ಕಳ ಓದು ನಿಂತಿತು ಅಂತ ಈ ಸಭೆಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಮೊಬೈಲು ಹೆಚ್ಚಿದೆ, ನಿಜ. ಅಂಗೈಯಗಲದ ಗಾಜಿನ ಮೇಲೆ ಹಾಡು ಕೇಳಬಹುದು, ಹತ್ತು ಪುಟದ ಅರ್ಜಿ ತುಂಬಿ ದಾಖಲೆ ಸೇರಿಸಿ ಪ್ರಿಂಟ್ ತೆಗೆಯೋಕೆ ಆಗೋಲ್ಲ. ಶ್ರೀಮಂತ ದೇಶದ ಲೆಕ್ಕವೂ ಇದನ್ನೇ ಹೇಳುತ್ತೆ. 2010ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಅಮೆರಿಕ ಪೂರ್ತಿ ಅಧ್ಯಯನ ಮಾಡಿದಾಗ, ಒಂದೇ ವರ್ಷದಲ್ಲಿ 7 ಕೋಟಿ 70 ಲಕ್ಷ ಜನ ಗ್ರಂಥಾಲಯದ ಕಂಪ್ಯೂಟರನ್ನೋ ಇಂಟರ್‌ನೆಟ್ಟನ್ನೋ ಬಳಸಿದ್ದರು. ಬಡತನದ ರೇಖೆಯ ಕೆಳಗಿನವರಲ್ಲಿ ನೂರಕ್ಕೆ 44 ಜನ ಬಳಸಿದ್ದರು. ಮನೆಯಲ್ಲಿ ಇಲ್ಲದವನಿಗೆ ಗ್ರಂಥಾಲಯವೇ ಮನೆ.

ಹಾಗಿರುವಾಗ ನಮ್ಮ ಅರಿವು ಕೇಂದ್ರ ಚೆನ್ನಾಗಿದೆಯೋ ಇಲ್ಲವೋ ಅಂತ ಹೇಳೋರು ಯಾರು? ಮೇಲಿನ ಕಚೇರಿಗೆ ಹೋಗೋ ವರದಿ ಬಹುಮಟ್ಟಿಗೆ ಎಣಿಕೆಯದು. ಕಂಪ್ಯೂಟರ್ ಎಷ್ಟು, ಪುಸ್ತಕ ಎಷ್ಟು, ಸದಸ್ಯರು ಎಷ್ಟು, ಫೋಟೋ ಎಷ್ಟು. ನಮ್ಮ ಅಜ್ಜಿಯರು ಒಂದು ಮಾತು ಹೇಳ್ತಿದ್ದರು. ಕಣದಲ್ಲಿ ಗೌಡನ ಹತ್ತಿರ ಎರಡು ಸೇರು ಇರ್ತಿದ್ದವಂತೆ. ಕೂಲಿಗೆ ರಾಗಿ ಅಳೆದು ಕೊಡೋ ಸೇರು ಬೇರೆ, ಸಾಲಕ್ಕೆ ರಾಗಿ ಅಳೆದು ತಗೊಳ್ಳೋ ಸೇರು ಬೇರೆ. ಎರಡೂ ಸೇರೇ, ಎರಡರ ಮೇಲೂ ಮುದ್ರೆ ಇದೆ. ಅಳೆಯೋ ಕೈ ಯಾವುದೋ ಹೊಟ್ಟೆ ತುಂಬೋದು ಆ ಕಡೆಗೆ. ಕಂಪ್ಯೂಟರ್ ಎಣಿಸೋದು ಕೊಡೋನ ಸೇರು. ಕಂಪ್ಯೂಟರಿನಿಂದ ನಮ್ಮ ಕೆಲಸ ಆಯಿತಾ ಅಂತ ಕೇಳೋದು ತಗೊಳ್ಳೋನ ಸೇರು. ಎರಡನೇ ಸೇರನ್ನ ನಾವೇ ಮಾಡ್ಕೋಬೇಕು. ಇವತ್ತು ಹೇಳಬೇಕಾದ ಮಾತು ಇಷ್ಟೇ.

ಇಂಥ ಅಳತೆಯನ್ನ ಗ್ರಂಥಾಲಯದವರೇ ಮಾಡ್ಕೊಂಡ ಉದಾಹರಣೆ ಇದೆ. ಅಮೆರಿಕದಲ್ಲಿ ಗೇಟ್ಸ್ ಪ್ರತಿಷ್ಠಾನದ ಹಣದಿಂದ, ಅರ್ಬನ್ ಲೈಬ್ರರೀಸ್ ಕೌನ್ಸಿಲ್ ಅನ್ನೋ ಗ್ರಂಥಾಲಯಗಳ ಒಕ್ಕೂಟದ ಮುಂದಾಳತ್ವದಲ್ಲಿ, 'ಎಡ್ಜ್' ಅಂತ ಒಂದು ಪಟ್ಟಿ ತಯಾರಾಗಿ 2014ರಲ್ಲಿ ದೇಶದ ಗ್ರಂಥಾಲಯಗಳಿಗೆಲ್ಲ ಸಿಕ್ಕಿತು. ಅದರಲ್ಲಿ 11 ಮಾನದಂಡ, ಮೂರು ಭಾಗ. ಜನರಿಗೆ ಏನು ಲಾಭ ಆಯಿತು ಅನ್ನೋದು ಒಂದು. ಊರಿನ ಜನರನ್ನ, ಅಧಿಕಾರದಲ್ಲಿರೋರನ್ನ ಎಷ್ಟು ಜೊತೆಗೆ ಸೇರಿಸಿಕೊಂಡಿರಿ ಅನ್ನೋದು ಎರಡು. ಒಳಗಿನ ಆಡಳಿತ, ಯಂತ್ರ, ಸಿಬ್ಬಂದಿ ಹೇಗಿದೆ ಅನ್ನೋದು ಮೂರು. ಯಂತ್ರದ ಪ್ರಶ್ನೆಯನ್ನ ಕೊನೆಗೆ ಇಟ್ಟು, ಜನರ ಪ್ರಶ್ನೆಯನ್ನ ಮೊದಲು ಇಟ್ಟಿದ್ದಾರೆ ನೋಡಿ. ಕಲಿಸೋರು ಇದ್ದಾರಾ, ಕೆಲಸ ಹುಡುಕೋಕೆ, ಸರ್ಕಾರಿ ಸೌಲಭ್ಯ ಪಡೆಯೋಕೆ, ಓದಿಗೆ, ಆರೋಗ್ಯಕ್ಕೆ ಸಹಾಯ ಸಿಗುತ್ತಾ, ಅಂಗವಿಕಲರು ಬಳಸಬಹುದಾ ಅಂತೆಲ್ಲ ಕೇಳುತ್ತೆ. ತಮಗೆ ತಾವೇ ಅಂಕ ಕೊಟ್ಟುಕೊಂಡು, ಎಲ್ಲಿ ಕಡಿಮೆ ಬಿತ್ತೋ ಅದಕ್ಕೆ ಕಾರ್ಯಕ್ರಮ ಹಾಕ್ಕೋಬೇಕು. ಪಕ್ಕದ ಕೇರಳದಲ್ಲೂ ಗ್ರಂಥಾಲಯಗಳನ್ನ ಅವುಗಳ ಕೆಲಸ ನೋಡಿ ದರ್ಜೆ ಮಾಡ್ತಾರೆ, ದರ್ಜೆ ನೋಡಿ ಅನುದಾನ ಕೊಡ್ತಾರೆ.

ಎಡ್ಜ್‌ನಲ್ಲಿ ನಾವು ತಗೋಬೇಕಾದ್ದು ಆ ಪ್ರಶ್ನೆಗಳ ಸಾಲನ್ನ. ಬಿಡಬೇಕಾದ್ದೂ ಒಂದಿದೆ. ಅಲ್ಲಿ ಉತ್ತರ ಬರೆಯೋರು ಗ್ರಂಥಾಲಯದವರೇ. ಬಾಗಿಲ ಒಳಗೆ ಇರೋನು ಒಳಗೆ ಬಂದೋರನ್ನ ಎಣಿಸಬಲ್ಲ. ಬರದೇ ಇದ್ದವರ ಲೆಕ್ಕ ಅವನಿಗೆ ಸಿಗೋದು ಕಷ್ಟ. ಊರು ಕೇರಿ ಅಂತ ಎರಡಾಗಿರೋ ನಮ್ಮ ದೇಶದಲ್ಲಿ ಬರದೇ ಇದ್ದವರೇ ಮುಖ್ಯ ಲೆಕ್ಕ. ಅದಕ್ಕೆ ನಮ್ಮ ಅಳತೆ ಕೇರಿಯಿಂದ ಶುರುವಾಗಬೇಕು. ನಾವು ಕೆಲವರು ಕೂತು ಎಂಟು ಪ್ರಶ್ನೆ ಮಾಡಿದ್ದೀವಿ. ಬಿ.ಎ. ಓದಿ ಕವಿತೆ ಬರೆಯೋ ನಾವು ಕಂಪ್ಯೂಟರ್ ಪಂಡಿತರಲ್ಲ. ಈ ಪ್ರಶ್ನೆಗಳಿಗೆ ಪಾಂಡಿತ್ಯ ಬೇಕಾಗೂ ಇಲ್ಲ.

ಒಂದು. ಬಾಗಿಲು ಯಾವಾಗ ತೆರೆದಿರುತ್ತೆ? ಬೋರ್ಡಿನಲ್ಲಿ ಬರೆದ ಸಮಯ ಬೇಡ, ನಿಜವಾಗಿ ಬೀಗ ತೆಗೆದ ಸಮಯ, ಹಾಕಿದ ಸಮಯ ಬರೀರಿ. ಕೂಲಿಗೆ ಹೋದವರು ಬರೋದು ಹೊತ್ತು ಮುಳುಗೋ ಹೊತ್ತಿಗೆ. ಅಷ್ಟರಲ್ಲಿ ಬೀಗ ಬಿದ್ದಿದ್ದರೆ ಆ ಗ್ರಂಥಾಲಯ ಕೂಲಿಕಾರರ ಪಾಲಿಗೆ ಇಲ್ಲ ಅಂತಲೇ ಲೆಕ್ಕ.

ಎರಡು. ಎಲ್ಲಿದೆ? ಕೇರಿಯಿಂದ ಎಷ್ಟು ದೂರ, ಯಾವ ಬೀದಿ ದಾಟಿ ಹೋಗಬೇಕು, ದೇವಸ್ಥಾನದ ಜಗಲಿ ಪಕ್ಕದಲ್ಲಿದೆಯಾ, ಯಜಮಾನರು ಕೂತ್ಕೊಳ್ಳೋ ಕಟ್ಟೆ ಎದುರಿಗಿದೆಯಾ? ಕತ್ತಲಾದ ಮೇಲೆ ನಮ್ಮ ಹೆಣ್ಣುಮಗಳೊಬ್ಬಳು ಅಂಜಿಕೆ ಇಲ್ಲದೆ ಹೋಗಿ ಬರಬಹುದಾ? ಇದನ್ನ ಗಂಡಸರು ಉತ್ತರಿಸಬೇಡಿ, ಹೆಣ್ಣುಮಕ್ಕಳನ್ನ ಕೇಳಿ.

ಮೂರು. ಯಂತ್ರ 'ಇದೆ'ಯೋ 'ನಡೀತದೆ'ಯೋ? ಕರೆಂಟ್ ಹೋದಾಗ ಏನು ಮಾಡ್ತಾರೆ, ಇಂಟರ್‌ನೆಟ್ ಹಣ ಕಟ್ಟಿದ್ದಾರಾ, ಪ್ರಿಂಟರಿಗೆ ಇಂಕು, ಕಾಗದ ಇದೆಯಾ? ಪ್ಲಾಸ್ಟಿಕ್ ಹೊದಿಕೆ ಹೊದ್ದು ಮಲಗಿರೋ ಕಂಪ್ಯೂಟರುಗಳನ್ನ ನಾವು ಕಂಡಿದ್ದೀವಿ. ವರದಿಯಲ್ಲಿ ಅವೂ ಒಂದೊಂದು ಅಂಕಿ. ಹದಿನೈದು ದಿನದಲ್ಲಿ ಎಷ್ಟು ದಿನ ನಡೀತು ಅಂತ ಬರೀರಿ.

ನಾಲ್ಕು. ಯಾರು ಕೂತರು? ಎಷ್ಟು ಜನ ಕೇರಿಯವರು, ಎಷ್ಟು ಜನ ಹೆಂಗಸರು, ಸರದಿ ಯಾರು ಹೇಳ್ತಾರೆ, ಊರಿನ ಹುಡುಗ ಬಂದರೆ ಕೇರಿ ಹುಡುಗ ಎದ್ದು ಜಾಗ ಬಿಡಬೇಕಾ? ಇನ್ನೊಂದು ವಿಷಯವನ್ನ ಕಿವಿಗೊಟ್ಟು ಕೇಳಿ. ಕೆಲವು ಕಡೆ ಮಕ್ಕಳಿಗೆ 'ಮುಟ್ಟಬೇಡಿ, ಕೆಡುತ್ತೆ' ಅಂತಾರೆ. ಯಂತ್ರದ ಮೇಲಿನ ಅಕ್ಕರೆಯಿಂದ ಎಲ್ಲ ಮಕ್ಕಳಿಗೂ ಹಾಗಂದರೆ ಅದು ಅಜ್ಞಾನ. ನಮ್ಮ ಮಕ್ಕಳಿಗೆ ಮಾತ್ರ ಹಾಗಂದರೆ ಅದು ಅಪರಾಧ. ಈ 'ಮುಟ್ಟಬೇಡ' ಅನ್ನೋ ಮಾತು ನಮಗೆ ಹೊಸದಲ್ಲ, ಅದು ಯಾವ ಗಂಟಲಿನಿಂದ ಬಂತು ಅಂತ ನಮಗೆ ಗೊತ್ತಾಗುತ್ತೆ.

ಐದು. ಬಂದ ಕೆಲಸ ಮುಗೀತಾ? ಎಂಟರಲ್ಲಿ ಇದು ಎದೆಗುಂಡಿಗೆ ಇದ್ದ ಹಾಗೆ. ಪಹಣಿ ತೆಗೆಯೋಕೆ ಬಂದವನು ಪಹಣಿ ತಗೊಂಡು ಹೋದನಾ? ಸ್ಕಾಲರ್‌ಶಿಪ್ಪಿಗೆ ಬಂದವಳಿಗೆ ಅರ್ಜಿಯ ನಂಬರು ಸಿಕ್ಕಿತಾ, ದುಡ್ಡು ಖಾತೆಗೆ ಬಂತಾ? ಬರದೇ ಹೋದರೆ ಯಾವ ಕೊಂಡಿಯಲ್ಲಿ ನಿಂತಿತು? ಹತ್ತು ಜನರ ಕೆಲಸ ಒಂದೇ ಕೊಂಡಿಯಲ್ಲಿ ನಿಂತಿದ್ದರೆ, ಉದಾಹರಣೆಗೆ ಎಲ್ಲರದ್ದೂ ಆಧಾರ್ ಜೋಡಣೆ ಆಗದೆ ನಿಂತಿದ್ದರೆ, ಆ ಕೆಲಸಕ್ಕೆ ಬ್ಯಾಂಕಿನವರನ್ನ ಒಂದು ದಿನ ಗ್ರಂಥಾಲಯಕ್ಕೇ ಕರೆಸಿ ಅಂತ ಪಂಚಾಯಿತಿಯನ್ನ ಕೇಳಬಹುದು. ಅಳತೆ ಇದ್ದರೆ ಹೀಗೆ ಕೇಳೋಕೆ ಬಾಯಿ ಬರುತ್ತೆ. ಅಳತೆ ಇಲ್ಲದಿದ್ದರೆ 'ಏನೋ ಸರಿ ಇಲ್ಲ ಸ್ವಾಮಿ' ಅಂತ ಗೊಣಗೋದು ಮಾತ್ರ.

ಆರು. ಕಲಿಸ್ತಾರಾ, ಮಾಡಿಕೊಡ್ತಾರಾ? ಮೊದಲ ಸಲ ಮಾಡಿಕೊಡಲಿ. ಮೂರನೇ ಸಲಕ್ಕೆ ಹುಡುಗಿ ತಾನೇ ಮಾಡೋ ಹಾಗೆ ಆಗಬೇಕು. ಯಾವಾಗಲೂ ಇನ್ನೊಬ್ಬರ ಕೈಯಲ್ಲೇ ಮಾಡಿಸಿಕೊಳ್ಳೋದಾದರೆ ಶಾನುಭೋಗರು ಹೋಗಿ ಇನ್ನೊಬ್ಬ ಶಾನುಭೋಗ ಬಂದ ಹಾಗಾಯಿತು.

ಏಳು. ನಮ್ಮ ಮಾತಿನಲ್ಲಿದೆಯಾ? ಕನ್ನಡದಲ್ಲಿ ಟೈಪ್ ಮಾಡೋಕೆ ನುಡಿ ಇದೆಯಾ, ಅದನ್ನ ಬಳಸೋದು ಯಾರಿಗಾದರೂ ಬರುತ್ತಾ? ಓದು ಬಾರದ ಅಜ್ಜನಿಗೆ ಪರದೆ ಮೇಲೆ ಇರೋದನ್ನ ಓದಿ ಹೇಳೋರು ಯಾರು? ಕಣ್ಣು ಕಾಣದವರಿಗೆ, ಮೆಟ್ಟಿಲು ಹತ್ತಲಾಗದವರಿಗೆ ಏನು ವ್ಯವಸ್ಥೆ?

ಎಂಟು. ಗುಟ್ಟು ಉಳೀತದಾ? ಎಲ್ಲರೂ ಕೂತ್ಕೊಳ್ಳೋ ಯಂತ್ರದಲ್ಲಿ ನಮ್ಮ ಆಧಾರ್ ಪ್ರತಿ, ಜಾತಿ ಪತ್ರ, ಪಾಸ್‌ಬುಕ್ಕಿನ ಚಿತ್ರ ಹಾಗೇ ಉಳಿದುಬಿಟ್ಟರೆ ಮುಂದೆ ಬಂದವನು ಅದನ್ನ ತೆಗೆದು ನೋಡಬಹುದು. ಕೆಲಸ ಆದ ಮೇಲೆ ಲಾಗೌಟ್ ಮಾಡೋದು, ಇಳಿಸಿಕೊಂಡ ಕಡತ ಅಳಿಸೋದು ಕಲಿಸ್ತಾರಾ? ಓಟಿಪಿಯನ್ನ ಕೂಗಿ ಹೇಳಿಸ್ತಾರಾ? ದೌರ್ಜನ್ಯದ ದೂರನ್ನ ಟೈಪ್ ಮಾಡಿಸೋಕೆ ಬಂದ ಹೆಂಗಸಿನ ಬೆನ್ನ ಹಿಂದೆ ಯಾರು ನಿಂತಿರ್ತಾರೆ? ಇದು ಸಣ್ಣ ಪ್ರಶ್ನೆ ಅಲ್ಲ.

ಈಗ ಅಳೆಯೋ ವಿಧಾನ. ಇಬ್ಬರು ಸಾಕು, ಅವರಲ್ಲಿ ಒಬ್ಬರು ಹೆಣ್ಣುಮಗಳಾಗಿರಲೇಬೇಕು. ಇನ್ನೂರು ಪುಟದ ಒಂದು ನೋಟ್‌ಬುಕ್ಕು. ಹದಿನೈದು ದಿನ, ದಿನಕ್ಕೊಂದು ಪುಟ. ಬಂದವರು ಯಾಕೆ ಬಂದರು, ಕೆಲಸ ಆಯಿತಾ, ಆಗದಿದ್ದರೆ ಯಾಕೆ ಅಂತ ಮೂರು ಕಂಬ ಹಾಕಿ. ಹೆಸರು ಬರೆಯೋ ಅಗತ್ಯ ಇಲ್ಲ. ಆಮೇಲೆ ಸಂಜೆ ಕೇರಿಗೆ ಹೋಗಿ, ಮನೆ ಮನೆ ಬಾಗಿಲಲ್ಲಿ ಕೂತು ಒಂದೇ ಪ್ರಶ್ನೆ ಕೇಳಿ: ಹೋದ ಮೂರು ತಿಂಗಳಲ್ಲಿ ಅರ್ಜಿ ಹಾಕಿಸೋಕೆ ಎಲ್ಲಿಗೆ ಹೋಗಿದ್ರಿ, ಎಷ್ಟು ಖರ್ಚಾಯ್ತು, ಪಂಚಾಯಿತಿ ಲೈಬ್ರರಿಗೆ ಯಾಕೆ ಹೋಗಲಿಲ್ಲ? ಈ ಕೊನೆಯ 'ಯಾಕೆ'ಗೆ ಬರೋ ಉತ್ತರವೇ ನಿಮ್ಮ ವರದಿ. ಅದು ಯಾವ ಇಲಾಖೆಯ ವರದಿಯಲ್ಲೂ ಇರೋಲ್ಲ. 'ಅಲ್ಲಿ ಕಂಪ್ಯೂಟರ್ ಇರೋದೇ ಗೊತ್ತಿಲ್ಲ ಕಣಪ್ಪ' ಅಂತ ಹತ್ತು ಮನೆ ಹೇಳಿದರೆ ಅದಕ್ಕೆ ಬೇಕಾದ ಪರಿಹಾರ ಹೊಸ ಯಂತ್ರ ಅಲ್ಲ, ಒಂದು ತಮಟೆ.

ಒಂದು ಎಚ್ಚರಿಕೆ. ಗ್ರಂಥಾಲಯದ ಮೇಲ್ವಿಚಾರಕರು ನಮ್ಮ ಶತ್ರುಗಳಲ್ಲ. ವರ್ಷಗಟ್ಟಲೆ ಬರೀ ಗೌರವಧನದ ಮೇಲೆ ದುಡಿದವರು ಅವರು. ಪತ್ರಿಕೆ ಹಾಕಿಸೋದು ಅವರೇ, ಕಸ ಗುಡಿಸೋದು ಅವರೇ, ಈಗ ಕಂಪ್ಯೂಟರ್ ಮೇಷ್ಟ್ರೂ ಅವರೇ ಆಗಬೇಕು. ಅವರಲ್ಲಿ ನಮ್ಮವರೂ ಇದ್ದಾರೆ. ನೋಟ್‌ಬುಕ್ಕನ್ನ ಮೊದಲು ಅವರಿಗೆ ತೋರಿಸಿ. ಇಂಕಿಗೆ ಹಣ ಕೊಟ್ಟಿಲ್ಲ, ತರಬೇತಿ ಕೊಟ್ಟಿಲ್ಲ, ನೆಟ್ ಬಿಲ್ಲು ಕಟ್ಟಿಲ್ಲ ಅಂತ ಅವರು ಹೇಳೋದನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೀರಿ. ಕೆಳಗಿನವನ ತಪ್ಪು ಹುಡುಕೋದು ಮೇಲಿನವನಿಗೆ ಬಹಳ ಇಷ್ಟದ ಕೆಲಸ. ಆ ಕೆಲಸಕ್ಕೆ ನಾವು ಆಳಾಗಬಾರದು. ಮೇಲ್ವಿಚಾರಕರ ಸಂಬಳದ ಪ್ರಶ್ನೆಯೂ ನಮ್ಮ ಅಳತೆಯ ಒಳಗೇ ಬರುತ್ತೆ.

ಅಳೆದ ಮೇಲೆ ಎಲ್ಲಿ ಓದೋದು? ಗ್ರಾಮಸಭೆಯಲ್ಲಿ. 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೆ ಒಂದು ಸಲವಾದರೂ ಗ್ರಾಮಸಭೆ ಸೇರಬೇಕು. ನೋಟ್‌ಬುಕ್ಕಿನ ಸಾರವನ್ನ ಒಂದು ಹಾಳೆಗೆ ಇಳಿಸಿ, ಮೈಕಿನಲ್ಲಿ ಓದಿ, ನಡವಳಿ ಪುಸ್ತಕದಲ್ಲಿ ಬರೆಸಿ. ಬರೆಸದೆ ಏಳಬೇಡಿ. ಗ್ರಂಥಾಲಯ ಕರ ಎಷ್ಟು ಬಂತು, ಎಷ್ಟು ಖರ್ಚಾಯಿತು ಅಂತ ಅಲ್ಲೇ ಕೇಳಿ. ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, 10 ರೂಪಾಯಿ ಶುಲ್ಕ, 30 ದಿನದ ಗಡುವು, ಬಿಪಿಎಲ್ ಕಾರ್ಡಿದ್ದರೆ ಆ ಶುಲ್ಕವೂ ಇಲ್ಲ. ಕೇಳೋದನ್ನ ಸಣ್ಣದಾಗಿ, ಸ್ಪಷ್ಟವಾಗಿ ಕೇಳಿ. 'ಗ್ರಂಥಾಲಯ ಅಭಿವೃದ್ಧಿ ಮಾಡಿ' ಅಂದರೆ ತಲೆ ಆಡಿಸಿ ಕಳಿಸ್ತಾರೆ. 'ವಾರದಲ್ಲಿ ಮೂರು ದಿನ ರಾತ್ರಿ ಎಂಟರ ತನಕ ತೆರೆಯಿರಿ, ಪ್ರಿಂಟರಿಗೆ ತಿಂಗಳಿಗೆ ಇಷ್ಟು ಹಣ ಇಡಿ, ಹೆಣ್ಣುಮಕ್ಕಳಿಗೆ ಅಂತ ಒಂದು ಹೊತ್ತು ಗೊತ್ತುಮಾಡಿ' ಅಂದರೆ ಹೌದು ಅಂತಲೋ ಇಲ್ಲ ಅಂತಲೋ ಹೇಳಲೇಬೇಕಾಗುತ್ತೆ.

ಆರು ತಿಂಗಳಾದ ಮೇಲೆ ಅದೇ ಇಬ್ಬರು, ಅದೇ ಎಂಟು ಪ್ರಶ್ನೆ, ಮತ್ತೆ ಅಳೀರಿ. ಎರಡನೇ ಅಳತೆ ಇಲ್ಲದ ಮೊದಲನೇ ಅಳತೆ ಬರೀ ದೂರು. ಎರಡನೆಯದೂ ಇದ್ದರೆ ಅದು ಲೆಕ್ಕ. ಲೆಕ್ಕಕ್ಕೆ ಅಧಿಕಾರಿಗಳು ಹೆದರ್ತಾರೆ.

ಕೊನೆಗೊಂದು ಮಾತು. ಗ್ರಂಥಾಲಯ ಎಷ್ಟು ಚೆನ್ನಾಗಾದರೂ ಸರ್ಕಾರ ಎಲ್ಲವನ್ನೂ ಯಂತ್ರದ ಒಳಗೆ ತಳ್ಳಿ ಕೈತೊಳ್ಕೊಳ್ಳೋದನ್ನ ನಾವು ಒಪ್ಪಬಾರದು. ಬೆರಳಿನ ಗುರುತು ಹಿಡಿಯದ ಅಜ್ಜಿಗೆ, ಮೊಬೈಲೇ ಇಲ್ಲದ ಒಂಟಿ ಹೆಂಗಸಿಗೆ ಕಾಗದದ ಅರ್ಜಿಯ ದಾರಿಯೂ ತೆರೆದಿರಬೇಕು. ಅದು ಬೇರೆ ಹೋರಾಟ, ಅದೂ ನಡೀಬೇಕು. ಯಂತ್ರ ಇರೋ ತನಕ ಯಂತ್ರದ ಮುಂದಿನ ಕುರ್ಚಿಯಲ್ಲಿ ಯಾರು ಕೂತ್ಕೊಳ್ತಾರೆ ಅನ್ನೋ ಹೋರಾಟವೂ ನಡೀಬೇಕು. ಒಂದಕ್ಕೋಸ್ಕರ ಇನ್ನೊಂದನ್ನ ಬಿಡೋ ಹಾಗಿಲ್ಲ.

ಮುಂದಿನ ಸಭೆಗೆ ಬರುವಾಗ ಪ್ರತಿ ಹಳ್ಳಿಯ ಶಾಖೆಯೂ ಒಂದು ಹಾಳೆ ತರಬೇಕು ಅಂತ ಕೇಳಿಕೊಳ್ತೀವಿ. ಭಾಷಣ ಬೇಡ, ಘೋಷಣೆ ಬೇಡ, ಎಂಟು ಪ್ರಶ್ನೆಗೆ ಎಂಟು ಉತ್ತರ. ಹತ್ತು ಹಳ್ಳಿಯ ಹಾಳೆ ಒಟ್ಟಿಗೆ ಇಟ್ಟರೆ ತಾಲ್ಲೂಕಿನ ಚಿತ್ರ ಕಾಣುತ್ತೆ, ತಾಲ್ಲೂಕು ಪಂಚಾಯಿತಿಯ ಮೇಜಿನ ಮೇಲೆ ಅದನ್ನೇ ಇಡೋಣ. ಇಷ್ಟು ಕಾಲ ನಮ್ಮ ಕೂಲಿಯನ್ನ, ನಮ್ಮ ಭೂಮಿಯನ್ನ, ನಮ್ಮ ಬುದ್ಧಿಯನ್ನ ಬೇರೆಯವರು ಅಳೆದು ಕಡಿಮೆ ಅಂದರು. ಇನ್ನು ಮೇಲೆ ಸೇರು ನಮ್ಮ ಕೈಗೂ ಬರಲಿ.

ಜೈ ಭೀಮ್.